ಮುಷ್ಟಿಯಲ್ಲಿ ಮಿಂಚು ಹಿಡಿದ ದೇವರು

ಜಗಳ ಅಲ್ಲ ರಾಯರೇ, ಅದೊಂದು ಪಂಚಾಯ್ತಿ. ನಿನ್ನೆ ಮಧ್ಯಾಹ್ನ ನಮ್ಮ ವರಾಂಡದಲ್ಲಿ ಅಣ್ಣನ ಮಗಳೂ ಅವಳ ಕಾಲೇಜಿನ ಗೆಳೆಯರೂ ಸೇರಿ ಒಬ್ಬ ದರೋಡೆಕೋರನನ್ನ ಕೊಲ್ಲಬೇಕೋ ಬಿಡಬೇಕೋ ಅಂತ ವಾದ ಮಾಡ್ತಿದ್ರು. "ಅವನನ್ನ ಕೊಂದರೆ ನನ್ನ ದೇವರು ಒಪ್ಪಲ್ಲ" ಅಂತ ಅವಳು ಕೂಗಿದ್ದು ನಿಮ್ಮ ಅಂಗಳಕ್ಕೂ ಕೇಳಿಸಿರಬೇಕು. ದರೋಡೆಕೋರ ಇದ್ದದ್ದು ಆಟದೊಳಗೆ. ಆ ದೇವರ ಹೆಸರು ಹೈರೋನಿಯಸ್. ವೀರಮರ್ಯಾದೆ, ನ್ಯಾಯ, ಶೌರ್ಯ, ಮಾನ ಎಲ್ಲಾ ಅವನ ಸುಪರ್ದಿಗೆ ಸೇರಿದ್ದು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ಕೂತು ಎಷ್ಟು ತೀರ್ಪು ಕಿವಿಯಾರೆ ಕೇಳಿದ್ದೀರೋ ನೀವು; ಈ ದೇವರ ವಿಚಾರ ನಿಮಗೆ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಆ ದಾಸವಾಳ ಕತ್ತರಿಸೋದು ಆಮೇಲಾಗಲಿ, ಸ್ವಲ್ಪ ಇತ್ತ ಬನ್ನಿ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಹುಟ್ಟಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನೋ ಸಣ್ಣ ಊರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಅಂತ ಒಬ್ಬ. ವಿಮಾ ಕಂಪನಿಯ ಕೆಲಸ ಹೋದಮೇಲೆ ಬೂಟು ರಿಪೇರಿ ಮಾಡಿಕೊಂಡು ಸಂಸಾರ ತೂಗಿಸ್ತಿದ್ದವನು. ಡೇವ್ ಆರ್ನೆಸನ್ ಅನ್ನೋ ಇನ್ನೊಬ್ಬನ ಜೊತೆ ಸೇರಿ ಬರೆದ ಮೂರು ಪುಟ್ಟ ಪುಸ್ತಕಗಳನ್ನ ಒಂದು ಪೆಟ್ಟಿಗೆಗೆ ಹಾಕಿ 1974ರಲ್ಲಿ ಮಾರಾಟಕ್ಕಿಟ್ಟ. ಮೊದಲ ಮುದ್ರಣ 1000 ಪ್ರತಿ. ನೀವು ತಾಳಮದ್ದಳೆ ನೋಡಿದವರಲ್ವಾ, ನಿಮಗೆ ಬೇಗ ಅರ್ಥವಾಗುತ್ತೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಪಾತ್ರ ಕಟ್ಟಬೇಕು. ಒಬ್ಬ ಕಳ್ಳನಾಗ್ತಾನೆ, ಒಬ್ಬಳು ಮಾಂತ್ರಿಕಳಾಗ್ತಾಳೆ. ಆ ಲೋಕದ ಮಳೆ ಗಾಳಿ, ಊರು, ಊರಿನ ಜನ, ಶತ್ರು ಎಲ್ಲರ ಮಾತೂ ಆಡಿಸೋಕೆ ಒಬ್ಬರು ಬೇಕು, ನಮ್ಮಲ್ಲಿ ಅದು ನಾನು. ಹೊಡೆತ ತಗುಲಿತೋ ತಪ್ಪಿತೋ ಅಂತ ಹೇಳೋಕೆ ಇಪ್ಪತ್ತು ಮುಖದ ದಾಳ. ಉಳಿದದ್ದೆಲ್ಲ ಮಾತು.

ಗೈಗ್ಯಾಕ್ಸ್ ತನ್ನ ಮನೆಯ ಆಟಕ್ಕೆ ಅಂತ ಕಟ್ಟಿಕೊಂಡ ಲೋಕದ ಹೆಸರು ಗ್ರೇಹಾಕ್. ಅದರ ದೇವರುಗಳ ಚರಿತ್ರೆಯನ್ನ 1982ರಲ್ಲಿ ಡ್ರ್ಯಾಗನ್ ಅನ್ನೋ ಪತ್ರಿಕೆಯಲ್ಲಿ ಕಂತು ಕಂತಾಗಿ ಬರೆಯೋಕೆ ಶುರು ಮಾಡಿದ. ಹೈರೋನಿಯಸ್ ನಮಗೆ ಪೂರ್ತಿಯಾಗಿ ಸಿಗೋದು ಅಲ್ಲಿಂದ. ತಾಮ್ರದ ಬಣ್ಣದ ಮೈ, ಸರಪಳಿ ಕವಚ. ಹುಟ್ಟಿದಾಗ ಅವನ ಮೈಗೆ ಮೀರ್‌ಸಾಮ್ ಅನ್ನೋ ಒಂದು ದ್ರವ ಬಳಿದರಂತೆ, ಅದರಿಂದಾಗಿ ಮಾಮೂಲಿ ಆಯುಧ ಅವನಿಗೆ ನಾಟಲ್ಲ. ಮೊದಲು ಅವನ ಕೈಯಲ್ಲಿದ್ದದ್ದು ಕೊಡಲಿ. ಮುಂದಿನ ಪುಸ್ತಕಗಳಲ್ಲಿ ಅದು ಉದ್ದ ಕತ್ತಿಯಾಯ್ತು. ಲಾಂಛನ ಬೆಳ್ಳಿಯ ಮಿಂಚು, ಸಾಮಾನ್ಯವಾಗಿ ಅದನ್ನ ಒಂದು ಮುಷ್ಟಿ ಬಿಗಿಯಾಗಿ ಹಿಡಿದಿರೋ ಹಾಗೆ ಬರೀತಾರೆ.

ಅವನಿಗೊಬ್ಬ ಮಲಸಹೋದರ, ಹೆಕ್ಸ್ಟರ್. ಇಬ್ಬರಿಗೂ ತಾಯಿ ಒಬ್ಬಳೇ, ಸ್ಟರ್ನ್ ಏಲಿಯಾ. ಹೆಕ್ಸ್ಟರ್ ಯುದ್ಧಕ್ಕೂ ಕಲಹಕ್ಕೂ ದಬ್ಬಾಳಿಕೆಗೂ ದೇವರು. ಅಣ್ಣತಮ್ಮಂದಿರ ಕಾದಾಟದಲ್ಲಿ ಹೆಕ್ಸ್ಟರ್‌ನ ಕೈ ಮೇಲಾಗಲಿ ಅಂತ ಕೆಡುಕಿನ ಒಡೆಯರು ಅವನಿಗೆ ಆರು ತೋಳು ಕೊಟ್ಟರು. ಅವನ ಲಾಂಛನ, ಬೀಸಣಿಗೆ ಹಾಗೆ ಹರಡಿ ಕೆಳಮುಖವಾದ ಆರು ಬಾಣ. ಇಲ್ಲಿ ಗಮನಿಸಬೇಕಾದ್ದು ಒಂದಿದೆ: ಹೆಕ್ಸ್ಟರ್‌ಗೂ ಕಾನೂನು ಅಂದರೆ ಪ್ರಾಣ. ಅವನು ಅರಾಜಕ ಅಲ್ಲ. ಕಾಯಿದೆ, ಶಿಸ್ತು, ಶಿಕ್ಷೆ ಎಲ್ಲಾ ಅವನ ಹತ್ರವೂ ಇದೆ, ಬಲ ಇದ್ದವನ ಪರವಾಗಿ ಇದೆ. ಅಣ್ಣತಮ್ಮಂದಿರಿಬ್ಬರನ್ನೂ ಕಾನೂನಿನ ಕಡೆಯವರನ್ನಾಗಿಯೇ ಮಾಡಿದ್ದು ಗೈಗ್ಯಾಕ್ಸ್‌ನ ಜಾಣತನ. ಬರೀ ಕಾನೂನು ಇದ್ದರೆ ಸಾಲದು, ಅದು ಯಾರನ್ನ ಕಾಯುತ್ತೆ ಅನ್ನೋ ಪ್ರಶ್ನೆ ಆ ಎರಡು ಮೂರ್ತಿಗಳನ್ನ ಪಕ್ಕಪಕ್ಕ ಇಟ್ಟ ಕೂಡಲೇ ಎದ್ದು ನಿಲ್ಲುತ್ತೆ.

ಹೌದು, ನಮ್ಮ ದೇವರಿಗೆ ತೋಳು ಹೆಚ್ಚಾದಷ್ಟೂ ಮಹಿಮೆ ಹೆಚ್ಚು, ಅಲ್ಲಿ ಹೆಚ್ಚಿನ ತೋಳು ಪಾಪದ ಸಂಬಳ. ಆದರೆ ನಮ್ಮವರನ್ನೂ ಅವರು ಬಿಟ್ಟಿಲ್ಲ. 1976ರ ಒಂದು ಪುರವಣಿ ಪುಸ್ತಕದಲ್ಲೂ 1980ರ ಡಿಟೀಸ್ ಅಂಡ್ ಡೆಮಿಗಾಡ್ಸ್‌ನಲ್ಲೂ ಗ್ರೀಕ್, ಈಜಿಪ್ಟ್, ನಾರ್ಸ್ ದೇವತೆಗಳ ಜೊತೆ ಭಾರತದ ದೇವತೆಗಳಿಗೂ ಒಂದು ಅಧ್ಯಾಯ ಇದೆ. ಇಂದ್ರ ಎಷ್ಟು ಹೊಡೆತ ತಡೀತಾನೆ ಅನ್ನೋದಕ್ಕೂ ಅಲ್ಲಿ ಅಂಕಿ ಕೊಟ್ಟಿದ್ದಾರೆ! ಅದು ನನಗೆ ಹಿಡಿಸಲಿಲ್ಲ. ಜನ ಕೈಮುಗಿಯೋ ದೇವರಿಗೆ ಹಾಗೆ ಲೆಕ್ಕ ಹಚ್ಚಬಾರದು. ಹೈರೋನಿಯಸ್ ಆಟಕ್ಕೆ ಅಂತಲೇ ಹುಟ್ಟಿದವನು, ಅವನನ್ನ ಎಷ್ಟು ಪರೀಕ್ಷೆಗೆ ಒಡ್ಡಿದರೂ ಯಾರ ಮನಸ್ಸೂ ನೋಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ವೀರಮರ್ಯಾದೆ, ನ್ಯಾಯ ಇವೆರಡನ್ನ ಒಬ್ಬನೇ ದೇವರ ಕೈಗೆ ಕೊಟ್ಟರಲ್ಲ, ಅದನ್ನ ಓದಿದಾಗೆಲ್ಲ ನಾನು ನಿಲ್ಲುತ್ತೇನೆ. ಚರಿತ್ರೆಯಲ್ಲಿ ಇವೆರಡೂ ಒಂದೇ ಮನೆಯಲ್ಲಿ ಬಾಳಿದ್ದು ಅಪರೂಪ. 1356ರಲ್ಲಿ ಫ್ರಾನ್ಸಿನ ಪ್ವಾತಿಯೇ ಹತ್ತಿರ ಯುದ್ಧ ಆಯ್ತು. ಇಂಗ್ಲೆಂಡಿನ ರಾಜಕುಮಾರ ಎಡ್ವರ್ಡ್, ಬ್ಲ್ಯಾಕ್ ಪ್ರಿನ್ಸ್ ಅಂತ ಆಮೇಲೆ ಹೆಸರಾದವನು, ಫ್ರಾನ್ಸಿನ ರಾಜ ಜಾನನ್ನೇ ಸೆರೆಹಿಡಿದ. ಅವತ್ತು ರಾತ್ರಿ ಸೆರೆಸಿಕ್ಕ ರಾಜನಿಗೆ ಊಟ ಹಾಕಿಸಿ, ತಾನು ಅವನ ಸಮಕ್ಕೆ ಕೂರದೆ, ನಿಂತು ಬಡಿಸಿದ ಅಂತ ಫ್ರುವಾಸಾರ್ ಅನ್ನೋ ಚರಿತ್ರೆಕಾರ ಬರೆದಿಟ್ಟಿದ್ದಾನೆ. ಯುರೋಪಿನಲ್ಲಿ ವೀರಮರ್ಯಾದೆಗೆ ಉದಾಹರಣೆ ಅಂತ ಇವತ್ತಿಗೂ ಇದನ್ನ ಹೇಳ್ತಾರೆ. ಅದೇ ರಾಜಕುಮಾರ ಅದರ ಹಿಂದಿನ ವರ್ಷ, 1355ರಲ್ಲಿ, ಬೋರ್ಡೋದಿಂದ ಹೊರಟು ನಾರ್ಬೋನ್ ತನಕ ದಾರಿಯುದ್ದಕ್ಕೂ ಹಳ್ಳಿಗಳನ್ನ ಸುಟ್ಟುಕೊಂಡು ಹೋಗಿದ್ದ. ಕಾರ್ಕಸಾನ್ ಕೋಟೆಯ ಕೆಳಗಿನ ಪೇಟೆಗೂ ಬೆಂಕಿ ಇಟ್ಟಿದ್ದ. ಸುಡೋದು ಅಲ್ಲಿ ಯುದ್ಧದ ಕ್ರಮವೇ ಆಗಿತ್ತು; ಎದುರಾಳಿಯ ತೆರಿಗೆಯ ಬುಡ ಕಡಿಯೋಕೆ.

ಸೆರೆಸಿಕ್ಕ ಸರದಾರನಿಗೆ ಬಿಡುಗಡೆ ಹಣ ಬರುತ್ತೆ, ಆದ್ದರಿಂದ ಅವನ ಜೀವಕ್ಕೆ ಬೆಲೆ. ರೈತನನ್ನ ಬಿಡಿಸಿಕೊಳ್ಳೋಕೆ ಯಾರೂ ಚಿನ್ನ ಕಳಿಸಲ್ಲ. ಕತ್ತಿ ಹಿಡಿದವರು ಕತ್ತಿ ಹಿಡಿದವರಿಗೆ ತೋರಿಸೋ ಸೌಜನ್ಯ ಅದು, ರಾಯರೇ. ಅದರೊಳಗೆ ಗಿರಣಿಯವನಿಗೆ, ಕುರಿ ಕಾಯೋ ಹುಡುಗನಿಗೆ ಜಾಗ ಇಲ್ಲ. ಚರ್ಚು ಹತ್ತನೇ ಶತಮಾನದ ಕೊನೆಯಿಂದಲೇ ಸಭೆ ಸೇರಿಸಿ, ಬಡವರ ದನ ಹೊಡೀಬೇಡಿ, ಆಯುಧ ಇಲ್ಲದ ಪಾದ್ರಿಯ ಮೇಲೆ ಕೈ ಮಾಡಬೇಡಿ ಅಂತ ಈ ಕುದುರೆ ಸವಾರರ ಹತ್ರ ಪ್ರಮಾಣ ಮಾಡಿಸೋಕೆ ನೋಡಿತು. ಹಾಗೆ ಪ್ರಮಾಣ ಮಾಡಿಸಬೇಕಾಗಿ ಬಂತು ಅನ್ನೋದರಲ್ಲೇ ನಡೀತಿದ್ದದ್ದು ಏನು ಅಂತ ಗೊತ್ತಾಗುತ್ತೆ.

ನೀವು ಭೀಮನ ಮಾತು ಎತ್ತುತ್ತೀರಿ ಅಂತ ಗೊತ್ತಿತ್ತು. ತೊಡೆಗೆ ಗದೆ ಬಿದ್ದಾಗ ಬಲರಾಮ ಸಿಡಿದೆದ್ದದ್ದು ಕಾಳಗದ ಮರ್ಯಾದೆಗಾಗಿ. ದ್ರೌಪದಿ ಅಷ್ಟು ವರ್ಷ ಕಾದಿದ್ದು ನ್ಯಾಯಕ್ಕಾಗಿ. ಇಬ್ಬರದ್ದೂ ಸುಳ್ಳಲ್ಲ, ಇಬ್ಬರಿಗೂ ಒಟ್ಟಿಗೆ ಸಲ್ಲಿಸೋಕೆ ಆ ಗಳಿಗೆಯಲ್ಲಿ ಯಾರಿಂದಲೂ ಆಗಲಿಲ್ಲ. ಹೈರೋನಿಯಸ್‌ನ ಭಕ್ತರಿಗೆ ಆಟ ಹೇಳೋದು ಇದನ್ನೇ: ಎರಡಕ್ಕೂ ಸಲ್ಲಿಸು, ಹೇಗೆ ಅಂತ ನೀನೇ ಕಂಡುಕೋ.

ಆ ಭಕ್ತರಿಗೆ ಪ್ಯಾಲಡಿನ್ ಅಂತಾರೆ. ಷಾರ್ಲ್‌ಮೇನ್ ಚಕ್ರವರ್ತಿಯ ಕಥೆಗಳಲ್ಲಿ ಬರೋ ಹನ್ನೆರಡು ವೀರರ ಹೆಸರು ಅದು. ಆಟಕ್ಕೆ ಅದು ಬಂದದ್ದು ಪೌಲ್ ಆಂಡರ್ಸನ್ ಬರೆದ, 1961ರಲ್ಲಿ ಪುಸ್ತಕವಾಗಿ ಬಂದ ತ್ರೀ ಹಾರ್ಟ್ಸ್ ಅಂಡ್ ತ್ರೀ ಲಯನ್ಸ್ ಕಾದಂಬರಿಯ ಪ್ರಭಾವದಿಂದ. 1975ರ ಗ್ರೇಹಾಕ್ ಪುರವಣಿಯಲ್ಲಿ ಪ್ಯಾಲಡಿನ್ ಮೊದಲ ಸಲ ಕಾಣಿಸಿಕೊಂಡ. 1978ರ ಪುಸ್ತಕದಲ್ಲಿ ಅವನ ಕಟ್ಟುಪಾಡುಗಳನ್ನ ಓದಬೇಕು ನೀವು. ಮುಟ್ಟಿ ಗಾಯ ಮಾಯಿಸೋ ಶಕ್ತಿ ಅವನಿಗಿದೆ, ರೋಗ ಅವನ ಹತ್ರ ಸುಳಿಯಲ್ಲ. ಅದಕ್ಕೆ ಬದಲಾಗಿ, ಹತ್ತಕ್ಕಿಂತ ಹೆಚ್ಚು ಮಾಂತ್ರಿಕ ವಸ್ತು ಇಟ್ಟುಕೊಳ್ಳೋ ಹಾಗಿಲ್ಲ. ಆಸ್ತಿ ಕೂಡಿಡೋ ಹಾಗಿಲ್ಲ. ಬಂದ ಹಣದಲ್ಲಿ ಹತ್ತರಲ್ಲೊಂದು ಪಾಲು ಧರ್ಮಕ್ಕೆ. ಕೆಟ್ಟವರ ಸಹವಾಸ ಕೂಡದು. ಗೊತ್ತಿದ್ದೂ ಶಿಸ್ತು ಮುರಿದರೆ ಪುರೋಹಿತನ ಮುಂದೆ ತಪ್ಪೊಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಗೊತ್ತಿದ್ದೂ ಕೆಡುಕು ಮಾಡಿದರೆ ಪ್ಯಾಲಡಿನ್ ಪದವಿಯೇ ಹೋಯ್ತು, ಮತ್ತೆ ಸಿಗಲ್ಲ. ಬೇರೆ ಯಾವ ಪಾತ್ರಕ್ಕೂ ಇಷ್ಟು ಬಿಗಿ ಇಲ್ಲ. ಇದೇ ಆಟದ ಮೇಲೆ 1980ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ಕೂಗೆದ್ದಿತ್ತು, ಮಕ್ಕಳಿಗೆ ಸೈತಾನನ ಪೂಜೆ ಕಲಿಸ್ತಾರೆ ಅಂತ. 1985ರಲ್ಲಿ ಗೈಗ್ಯಾಕ್ಸ್ ಟಿವಿಯ ಸಿಕ್ಸ್‌ಟಿ ಮಿನಿಟ್ಸ್ ಕಾರ್ಯಕ್ರಮದಲ್ಲಿ ಕೂತು ಉತ್ತರ ಹೇಳಬೇಕಾಯ್ತು. ದೂರು ಹೇಳಿದವರು ಪ್ಯಾಲಡಿನ್ನಿನ ಆ ಒಂದೆರಡು ಪುಟ ಓದಿದ್ದರೂ ಸಾಕಿತ್ತು ಅನ್ನಿಸುತ್ತೆ ನನಗೆ.

ನಿನ್ನೆ ನಡೆದದ್ದು ಇಷ್ಟು. ಅಣ್ಣನ ಮಗಳ ಪಾತ್ರ ಹೈರೋನಿಯಸ್‌ನ ಪ್ಯಾಲಡಿನ್, ಕತ್ತಿನಲ್ಲಿ ಬೆಳ್ಳಿಯ ಮಿಂಚು. ಶೀಲ್ಡ್ ಲ್ಯಾಂಡ್ಸ್ ಅಂತ ಒಂದು ಗಡಿಸೀಮೆ ಇದೆ, ಅಲ್ಲೊಂದು ಹಳ್ಳಿ. ಹಿಟ್ಟಿನ ಗಿರಣಿಯನ್ನ ದರೋಡೆಕೋರರು ಸುಟ್ಟಿದ್ದಾರೆ, ಚಳಿಗಾಲಕ್ಕೆ ಅಂತ ಕೂಡಿಟ್ಟ ಕಾಳೂ ಅದರ ಜೊತೆ ಹೋಗಿದೆ, ಗಿರಣಿಯವನೂ ಸತ್ತಿದ್ದಾನೆ. ನಾಯಕನ ಗುರಾಣಿ ಮೇಲೆ ಆರು ಬಾಣ. ಇವಳು ಅವನನ್ನ ಒಂಟಿ ಕಾಳಗಕ್ಕೆ ಕರೆದಳು. ದಾಳ ಉರುಳಿಸಿದಳು, ಇಪ್ಪತ್ತು ಬಿತ್ತು. ಅವನ ಕತ್ತಿ ಹಾರಿ ಕೆಸರಿಗೆ ಬಿತ್ತು, ಮುಂಗೈ ಸೀಳಿತು. ಅವನು ಮಂಡಿಯೂರಿ ಶರಣು ಅಂದ.

ಶರಣು ಬಂದವನನ್ನ ಕೊಲ್ಲೋ ಹಾಗಿಲ್ಲ. ಮಾತು ಮುಗೀತು ಅಂತ ಅವಳು ಕತ್ತಿ ಒರೆಗೆ ಹಾಕಿದಳು. ನಾನು ಗಿರಣಿಯವನ ಮಗಳ ಬಾಯಲ್ಲಿ ಕೇಳಿದೆ: "ಮರ್ಯಾದೆ ಅನ್ನೋದು ಕತ್ತಿ ಇದ್ದವರಿಗೆ ಮಾತ್ರವೇನಮ್ಮ? ನಮ್ಮಪ್ಪನೂ ಕೈಮುಗಿದಿದ್ದ." ಹುಡುಗಿ ಸುಮ್ಮನಾಗಿಬಿಟ್ಟಳು. ಕಳ್ಳನ ಪಾತ್ರದ ಹುಡುಗ, ರಾತ್ರಿ ಅವನು ಮಲಗಿದಾಗ ನಾನು ನೋಡ್ಕೋತೀನಿ, ನೀನು ಆ ಕಡೆ ತಿರುಗಿ ನಿಂತಿರು ಅಂದ. ಮಾಂತ್ರಿಕಳಾಗಿದ್ದವಳು, ಅವನನ್ನ ಊರವರ ಕೈಗೆ ಕೊಡು, ನೀನು ಕೊಂದ ಹಾಗೂ ಆಗಲ್ಲ ಅಂದಳು. ಆಗ ಎದ್ದದ್ದು ನಿಮಗೆ ಕೇಳಿಸಿದ ಗಲಾಟೆ. ತಿರುಗಿ ನಿಂತರೆ ಕೈ ಶುದ್ಧವಾಗುತ್ತಾ? ಮಾತು ಕೊಟ್ಟದ್ದು ಕೊಲೆಗಡುಕನಿಗೆ, ಹಾಗಂತ ಮಾತಿನ ತೂಕ ಕಡಿಮೆಯಾಗುತ್ತಾ? ಹತ್ತೊಂಬತ್ತು ಇಪ್ಪತ್ತರ ಮಕ್ಕಳು, ಕಾಫಿ ಆರಿಹೋಗ್ತಿದ್ರೂ ಲೋಟ ಮುಟ್ಟದೆ ಇದನ್ನ ಜಗ್ಗಾಡಿದರು.

ಕೊನೆಗೆ ಅವಳು ಹೇಳಿದ್ದು: "ಶರಣು ಒಪ್ಪಿದ್ದೀನಿ ಅಂದರೆ ನಾನು ಕೊಲ್ಲಲ್ಲ ಅಂತ ಮಾತ್ರ. ಬಿಟ್ಟುಬಿಟ್ಟೆ ಅಂತಲ್ಲ. ಇಲ್ಲೇ, ಈ ಊರಲ್ಲೇ ವಿಚಾರಣೆ ಆಗಲಿ. ಮೊದಲ ಮಾತು ಗಿರಣಿಯವನ ಮಗಳದ್ದು. ಅವಳು ಹೇಳೋದನ್ನ ಅವನು ನಿಂತು ಕೇಳಬೇಕು. ತೀರ್ಪು ಬರೋ ತನಕ ನಾನು ಬಾಗಿಲಲ್ಲಿ ಇರ್ತೀನಿ. ಅವನು ಓಡದ ಹಾಗೆ, ಯಾರೂ ಅವನನ್ನ ಮುಟ್ಟದ ಹಾಗೆ." ಅಷ್ಟು ಹೇಳಿ, ನಿಂತು ಕೇಳೋಕೆ ಅವನಿಗೆ ತ್ರಾಣ ಬೇಕಲ್ಲ ಅಂತ, ಅವನ ಸೀಳಿದ ಮುಂಗೈ ಮೇಲೆ ಕೈ ಇಟ್ಟಳು. ಈಗ ಎಲ್ಲರೂ ನನ್ನ ಮುಖ ನೋಡಿದರು. ದೇವರ ಪರವಾಗಿ ಉತ್ತರ ಹೇಳಬೇಕಾದವನು ನಾನು. ಗುಡುಗು ಸಿಡಿಲು ಏನೂ ತರಿಸಲಿಲ್ಲ. ಗಾಯ ಮಾಯಿತು ಅಂತ ಹೇಳಿದೆ. ಶಕ್ತಿ ಅವಳ ಕೈಯಲ್ಲಿ ಇನ್ನೂ ಇದೆ ಅಂದಮೇಲೆ ಹೈರೋನಿಯಸ್ ಒಪ್ಪಿದ್ದಾನೆ ಅಂತಲೇ ಅಲ್ವಾ? ಕಳ್ಳನ ಪಾತ್ರದ ಹುಡುಗನೇ ಮೊದಲು ಚಪ್ಪಾಳೆ ತಟ್ಟಿದ್ದು.

ಈ ದೇವರನ್ನ ಕೈಯಲ್ಲಿ ಹಿಡಿದು ಆಟ ಕೆಡಿಸೋದೂ ಸುಲಭ. ಕೆಲವರು ಆಟ ನಡೆಸೋವಾಗ ಪ್ಯಾಲಡಿನ್‌ಗೆ ಬೇಕಂತಲೇ ಬಲೆ ಹಾಕ್ತಾರೆ. ಈ ಕಡೆ ಹೋದರೂ ತಪ್ಪು, ಆ ಕಡೆ ಹೋದರೂ ತಪ್ಪು, ನಿನ್ನ ಶಕ್ತಿ ಹೋಯ್ತು ಅಂತ ಹೇಳಿ ಗೆದ್ದವರ ಹಾಗೆ ಕೂರ್ತಾರೆ. ಅದು ನ್ಯಾಯದ ದೇವರಿಗೆ ಮಾಡೋ ಅನ್ಯಾಯ. ಕಷ್ಟದ ದಾರಿ ಇರಲಿ, ಆದರೆ ಒಂದು ದಾರಿ ಇರಲೇಬೇಕು. ಇನ್ನು ಕೆಲವು ಆಟಗಾರರು ಪ್ಯಾಲಡಿನ್ ಅಂದರೆ ಜೊತೆಯವರಿಗೆಲ್ಲ ಉಪದೇಶ ಮಾಡೋ ಪರವಾನಗಿ ಅಂದುಕೊಳ್ತಾರೆ. 2000ದಲ್ಲಿ ಬಂದ ಮೂರನೇ ಆವೃತ್ತಿಯ ನಿಯಮ ನೋಡಿ: ಸುಳ್ಳು ಬೇಡ, ಮೋಸ ಬೇಡ, ವಿಷ ಬೇಡ, ಕಷ್ಟದಲ್ಲಿದ್ದವರಿಗೆ ನೆರವಾಗು, ನಿರಪರಾಧಿಗಳಿಗೆ ಕೇಡು ಮಾಡಿದವರನ್ನ ದಂಡಿಸು. ಭಾಷಣ ಮಾಡು ಅಂತ ಎಲ್ಲೂ ಇಲ್ಲ.

ಇಂಥ ತೊಂದರೆಗಳನ್ನ ಕಂಡೋ ಏನೋ, ಆಟ ಬರೆಯೋರು ಬರಬರುತ್ತಾ ಹಗ್ಗ ಸಡಿಲಿಸಿದರು. 2008ರ ನಾಲ್ಕನೇ ಆವೃತ್ತಿಯ ಮುಖ್ಯ ಪುಸ್ತಕದಲ್ಲಿ ಹೈರೋನಿಯಸ್ ಇಲ್ಲವೇ ಇಲ್ಲ. ನ್ಯಾಯ, ಮಾನಗಳ ಪೀಠಕ್ಕೆ ಬಹಮತ್ ಅನ್ನೋ ಪ್ಲಾಟಿನಂ ಡ್ರ್ಯಾಗನ್ ಬಂದು ಕೂತಿತು. ಒಮ್ಮೆ ಪ್ಯಾಲಡಿನ್ ಆದವನ ಶಕ್ತಿಯನ್ನ ಕಿತ್ತುಕೊಳ್ಳೋ ನಿಯಮವೂ ಹೋಯ್ತು. 2014ರ ಐದನೇ ಆವೃತ್ತಿಯಲ್ಲಿ ಹೈರೋನಿಯಸ್ ಮರಳಿ ಬಂದ, ಪುಸ್ತಕದ ಕೊನೆಯ ಪಟ್ಟಿಯಲ್ಲಿ ಒಂದೇ ಸಾಲಾಗಿ. ಆ ಹೊತ್ತಿಗೆ ಪ್ಯಾಲಡಿನ್ನಿನ ಬಲ ದೇವರಿಂದ ಎಷ್ಟೋ ಅಷ್ಟೇ ಅವನು ತೊಟ್ಟ ಪ್ರತಿಜ್ಞೆಯಿಂದಲೂ ಬರೋದು ಅಂತ ಮಾಡಿದ್ದರು. ಪ್ರತಿಜ್ಞೆಯ ಮಾತು ನನಗೆ ಒಪ್ಪಿಗೆಯೇ. ಆದರೆ ಕಳೆದುಕೊಳ್ಳೋ ಭಯವೇ ಇಲ್ಲದಿದ್ದರೆ ನಿನ್ನೆಯ ವಾದ ಅಷ್ಟು ಹೊತ್ತು ನಡೀತಿರಲಿಲ್ಲ, ಆ ಹುಡುಗಿ ಹಾಗೆ ಸುಮ್ಮನಾಗ್ತಿರಲಿಲ್ಲ. ಆದ್ದರಿಂದ ನಮ್ಮ ವರಾಂಡದಲ್ಲಿ ಹಳೇ ನಿಯಮವೇ, ಒಂದು ತಿದ್ದುಪಡಿ ಜೊತೆ.

ಯಾವಾಗಲೂ ಗೆಲ್ಲೋ ದೇವರಲ್ಲ ಅವನು, ಅದನ್ನೂ ಹೇಳಿಬಿಡ್ತೀನಿ. ಆ ಶೀಲ್ಡ್ ಲ್ಯಾಂಡ್ಸ್ ಇದೆಯಲ್ಲ, ಅದು ಅವನ ಭಕ್ತರ ಸ್ವಂತ ನೆಲ. ಹೋಲಿ ಶೀಲ್ಡಿಂಗ್ ಅನ್ನೋ ವೀರಸಂಘ ಕಾಯ್ತಿದ್ದ ಸೀಮೆ. 1991ರಲ್ಲಿ ಗ್ರೇಹಾಕ್ ವಾರ್ಸ್ ಅಂತ ಒಂದು ಪೆಟ್ಟಿಗೆ ಬಂತು, ಅದರ ಕಥೆಯಲ್ಲಿ ಯೂಜ್ ಅನ್ನೋ ಕೆಡುಕಿನ ಅರೆದೇವ ಆ ಸೀಮೆಯನ್ನ ಪೂರ್ತಿ ನುಂಗಿಬಿಟ್ಟ. ದೇವರು ಬಂದು ತಡೆಯಲಿಲ್ಲ. ನೆಲ ಕಳೆದುಕೊಂಡ ವೀರರು ಪಕ್ಕದ ಫ್ಯೂರಿಯಾಂಡಿಯಲ್ಲಿ ಆಸರೆ ಪಡೆದರು. ಕಥೆ ಬರೆದವರು ಹಾಗೆ ಮಾಡಿದ್ದು ಸರಿ ಅನ್ನಿಸುತ್ತೆ ನನಗೆ. ಗೆಲುವು ಖಾತ್ರಿಯಿದ್ದಾಗ ನ್ಯಾಯದ ಪಕ್ಷ ಹಿಡಿಯೋಕೆ ಯಾರು ಬೇಕಾದರೂ ಸಿಗ್ತಾರೆ.

ನನ್ನ ತಿದ್ದುಪಡಿ ಏನು ಅಂದಿರಾ? 1978ರ ಪುಸ್ತಕ ಹೋದದ್ದು ಹೋಯ್ತು ಅಂದುಬಿಡುತ್ತೆ. ನಾನು ಮರಳಿ ಬರೋ ಬಾಗಿಲು ತೆರೆದಿಡ್ತೀನಿ, ಮೂರನೇ ಆವೃತ್ತಿ ಪ್ರಾಯಶ್ಚಿತ್ತಕ್ಕೆ ಅವಕಾಶ ಕೊಟ್ಟ ಹಾಗೆ. ಆದರೆ ಪುರೋಹಿತನಿಗೆ ಕಾಣಿಕೆ ಕೊಟ್ಟು ಮಂತ್ರ ಹಾಕಿಸಿಕೊಂಡರೆ ನಡೆಯಲ್ಲ. ಯಾರಿಗೆ ಅನ್ಯಾಯ ಆಯ್ತೋ ಅವರ ಮನೆ ಬಾಗಿಲಿಗೇ ಹೋಗಬೇಕು. ಹಿಂದೊಮ್ಮೆ ಒಬ್ಬ ಹುಡುಗನ ಪ್ಯಾಲಡಿನ್, ಶತ್ರುಗಳು ಅಡಗಿದ್ದಾರೆ ಅಂತ ತನಿಖೆ ಮಾಡದೆ ಒಂದು ಕೊಟ್ಟಿಗೆಗೆ ಬೆಂಕಿ ಹಚ್ಚಿದ. ಒಳಗಿದ್ದದ್ದು ಒಬ್ಬ ರೈತನ ಎತ್ತುಗಳು. ಶಕ್ತಿ ಹೋಯ್ತು. ಹುಡುಗ ನನ್ನ ಮೇಲೆ ಸಿಟ್ಟಾಗಿ ಎದ್ದುಹೋದ. ಮುಂದಿನ ಸಲ ಬಂದು, ತಾನಾಗಿಯೇ, ನಮ್ಮ ಪ್ಯಾಲಡಿನ್ ತನ್ನ ಯುದ್ಧದ ಕುದುರೆಯನ್ನ ಆ ರೈತನ ನೇಗಿಲಿಗೆ ಕಟ್ಟಿದ್ದಾನೆ, ಬಿತ್ತನೆ ಮುಗಿಯೋ ತನಕ ಎಲ್ಲಿಗೂ ಬರಲ್ಲ, ನೀವೆಲ್ಲ ಮುಂದೆ ಹೋಗಿ ಅಂದ. ಜೊತೆಯವರು ಹೋಗಲಿಲ್ಲ. ಅವತ್ತಿಡೀ ರಾಕ್ಷಸರಿಲ್ಲ, ನಿಧಿಯಿಲ್ಲ, ಕಾಳಗವಿಲ್ಲ. ಎಲ್ಲರೂ ಸೇರಿ ಕಾಗದದ ಮೇಲೆ ಒಂದು ಹೊಲ ಉತ್ತರು, ಬದು ಹಾಕಿದರು, ರೈತನ ಹೆಂಡತಿ ಕೂಲಿ ಎಷ್ಟು ಅಂತ ಕೇಳಿದಾಗ ಬೇಡ ಅಂದರು. ಬಿತ್ತನೆಯ ಕೊನೇ ದಿನ ರೈತನ ಮಗು ಕಲ್ಲೆಡವಿ ಮಂಡಿ ತರಚಿಕೊಂಡಿತು ಅಂತ ನಾನು ಹೇಳಿದೆ. ಹುಡುಗ ಅನುಮಾನದಿಂದಲೇ ಕೈ ಇಡ್ತೀನಿ ಅಂದ. ಇಟ್ಟ, ಮಾಯಿತು.